ಆರ್‌ನ ಆಲೇಖದಲ್ಲಿ ಊರುಗಳ ಹೆಸರೆಲ್ಲ ಖಾಲಿ ಚೌಕ

ಪ್ರಶ್ನೆ: ವಿದ್ಯಾರ್ಥಿನಿ, ಬದಿಯಡ್ಕ

ನಮಸ್ಕಾರ ಟೀಚರೇ. ಪ್ರಾಜೆಕ್ಟಿಗಾಗಿ ಅಡಿಕೆ ತೋಟಗಳ ಸರ್ವೆ ಮಾಡಿದ್ದೇನೆ. ಊರುಗಳ ಹೆಸರನ್ನು ಎಕ್ಸೆಲ್‌ನಲ್ಲಿ ಕನ್ನಡದಲ್ಲೇ ತುಂಬಿಸಿ, ಅಂಕಿಅಂಶ ವಿಶ್ಲೇಷಿಸುವ ‘ಆರ್’ ತಂತ್ರಾಂಶಕ್ಕೆ ತಂದೆ. ನನ್ನ ಲ್ಯಾಪ್‌ಟಾಪಿನ ಕನ್ಸೋಲಿನಲ್ಲಿ (ಆಜ್ಞೆ ಬರೆಯುವ ಕಿಟಕಿಯಲ್ಲಿ) ಎಲ್ಲ ಸರಿ. ಆದರೆ ಆಲೇಖ ಬರೆಯುವ ಜಿಜಿಪ್ಲಾಟ್ ಪ್ಯಾಕೇಜಿನಲ್ಲಿ ಸ್ತಂಭಾಲೇಖ ಬರೆದು ಪಿಎನ್‌ಜಿ ಚಿತ್ರವಾಗಿ ಉಳಿಸಿದರೆ ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಂತೂ ಕನ್ಸೋಲಿನಲ್ಲೇ ‘ಯು+0ಸಿಎಸಿ’ ಎಂಬಂಥ ಸಾಲುಗಳು. ಶುಕ್ರವಾರ ಗೈಡಿಗೆ ತೋರಿಸಬೇಕು. ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ಬದಲಿಸಿಬಿಡಲೇ?

ಉತ್ತರ: ಟೀಚರ್

ಬದಲಿಸಬೇಡಿ. ನಿಮ್ಮ ದತ್ತಾಂಶಕ್ಕೆ ಏನೂ ಆಗಿಲ್ಲ. ಅಕ್ಷರ ಯಾವ ರೀತಿ ಕೆಟ್ಟಿದೆ ಎಂದು ನೋಡಿದರೆ ಎಲ್ಲಿ ಕೆಟ್ಟಿದೆ ಎಂಬುದು ತಿಳಿಯುತ್ತದೆ. ‘ಯು+0ಸಿಎಸಿ’ ಎಂದರೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ‘ಬ’ ಅಕ್ಷರದ ಸಂಖ್ಯೆ, ನಿಮ್ಮ ಬದಿಯಡ್ಕದ ಮೊದಲ ಅಕ್ಷರವೇ! ಆರ್‌ಗೆ ಅಕ್ಷರ ಗೊತ್ತಿದೆ, ತೋರಿಸಲು ಬರುತ್ತಿಲ್ಲ. ವಿಂಡೋಸ್‌ನಲ್ಲಿ ಆರ್ ಯುಟಿಎಫ್-8 ಅನ್ನು (ಆ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ವಿಧಾನ) ತನ್ನದಾಗಿಸಿಕೊಂಡದ್ದು 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯಿಂದ, ಅದಕ್ಕೂ ವಿಂಡೋಸ್ 10ರ 1903 ಅಥವಾ ನಂತರದ ಆವೃತ್ತಿ ಬೇಕು. ಲ್ಯಾಬಿನಲ್ಲಿ ಹಳೆಯ ಆರ್ ಇರಬೇಕು. ಹೊಸದನ್ನು ಹಾಕಿಸಿ, ಬೇರೆ ಮದ್ದು ಹುಡುಕಬೇಡಿ.

ಚೌಕದ ಕಥೆ ಬೇರೆ. ಆಲೇಖ ಬಳಸಿದ ಅಕ್ಷರಶೈಲಿಯಲ್ಲಿ (ಫಾಂಟಿನಲ್ಲಿ) ಕನ್ನಡವೇ ಇಲ್ಲ. ಚಿತ್ರ ಬಿಡಿಸಿಕೊಡುವ ‘ರ್ಯಾಗ್’ ಪ್ಯಾಕೇಜ್ ಹಾಕಿಕೊಂಡು, ನೀವು ಆರ್ ಬಳಸುವ ಕಿಟಕಿಯಾದ ಆರ್‌ಸ್ಟುಡಿಯೋದ ಟೂಲ್ಸ್, ಗ್ಲೋಬಲ್ ಆಪ್ಶನ್ಸ್, ಜನರಲ್, ಗ್ರಾಫಿಕ್ಸ್ ಎಂದು ಹೋಗಿ ಬ್ಯಾಕೆಂಡ್ ಇರುವಲ್ಲಿ ಎಜಿಜಿ ಆರಿಸಿ. ಜಿಜಿಪ್ಲಾಟ್ ಥೀಮಿನ ಬೇಸ್ ಫ್ಯಾಮಿಲಿಗೆ (ಆಲೇಖದ ಫಾಂಟ್) ವಿಂಡೋಸ್‌ನಲ್ಲೇ ಇರುವ ‘ನಿರ್ಮಲಾ ಯುಐ’ ಫಾಂಟ್ ಕೊಡಿ.

ನಿಜವಾಗಿ ಹೆದರಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡಾಗ. ಎಕ್ಸೆಲ್‌ನಲ್ಲಿ ಸಾಮಾನ್ಯ ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ ಕಡತವಾಗಿ) ಉಳಿಸಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಅವೇ ಕೂರುತ್ತವೆ. ಆ ಕಡತದಿಂದ ಹೆಸರು ಮತ್ತೆ ಸಿಗುವುದಿಲ್ಲ. ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ, ಮೂಲ ಎಕ್ಸೆಲ್ ಕಡತವನ್ನು ಅಳಿಸಬೇಡಿ.

ಪ್ರತಿಕ್ರಿಯೆ: ಸದಸ್ಯ, ಮಂಜೇಶ್ವರ

ಟೀಚರೇ, ನಾನು ಆರ್‌ನ ಇನ್ನೊಂದು ಪ್ಯಾಕೇಜ್ ‘ಶೋಟೆಕ್ಸ್ಟ್’ ಬಳಸಿ ಚೌಕ ಹೋಗಿಸಿಕೊಂಡಿದ್ದೇನೆ. ಅದೇ ಸುಲಭವಲ್ಲವೇ?

ಉತ್ತರ: ಟೀಚರ್

ಚೌಕ ಹೋಗುತ್ತದೆ, ಒತ್ತಕ್ಷರವೂ ಹೋಗುತ್ತದೆ. ಶೋಟೆಕ್ಸ್ಟ್ ಅಕ್ಷರಗಳನ್ನು ಒಂದೊಂದಾಗಿ ಸಾಲಿಗಿಡುತ್ತದೆ, ಕೂಡಿಸುವುದಿಲ್ಲ. ‘ಡ್ಕ’ದ ಕ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ನಮ್ಮ ಕಾಸರಗೋಡಿನ ಊರುಗಳನ್ನೇ ನೋಡಿ: ಬದಿಯಡ್ಕ, ಮುಳ್ಳೇರಿಯ, ಎಣ್ಮಕಜೆ, ಪೆರ್ಲ. ಒತ್ತಿಲ್ಲದ ಊರನ್ನು ಹುಡುಕಿ ಸರ್ವೆ ಮಾಡಲಾಗುತ್ತದೆಯೇ? ಇಂಗ್ಲಿಷಿಗೆ ಶೋಟೆಕ್ಸ್ಟ್ ಧಾರಾಳವಾಗಿ ಬಳಸಿ, ಕನ್ನಡಕ್ಕೆ ರ್ಯಾಗ್.

ಪ್ರಶ್ನೆ: ವಿದ್ಯಾರ್ಥಿನಿ, ಬದಿಯಡ್ಕ

ಚೌಕ ಹೋಯಿತು ಟೀಚರೇ, ಒತ್ತುಗಳೂ ಸರಿಯಾಗಿವೆ! ಇನ್ನೆರಡು ಸಂಶಯ. ಕನ್ನಡದ ಕೆಳಗೆ ಮಲಯಾಳಂ ಹೆಸರೂ ಇರಲಿ ಎಂದು ಗೈಡ್ ಹೇಳುತ್ತಿದ್ದಾರೆ. ಮತ್ತೆ, ಆದಾಯದ ಅಕ್ಷದಲ್ಲಿ ‘1ಇ+05’ ಎಂದು ಬರುತ್ತಿದೆ. ಅಪ್ಪ ನೋಡಿ, “ಇದೇನು, ಅಡಿಕೆಗೆ ಇಂಥ ರೇಟು ಯಾವಾಗ ಬಂತು?” ಎಂದು ಕೇಳಿದರು.

ಉತ್ತರ: ಟೀಚರ್

ಮಲಯಾಳಂಗೆ ಬೇರೇನೂ ಮಾಡಬೇಕಾಗಿಲ್ಲ. ನಿರ್ಮಲಾದಲ್ಲಿ ಎರಡು ಲಿಪಿಗಳೂ ಇವೆ. ಅದರ ಬದಲು ‘ನೋಟೋ’ ಫಾಂಟ್ ಆರಿಸಿದ್ದರೆ ಕನ್ನಡಕ್ಕೊಂದು, ಮಲಯಾಳಂಗೊಂದು ಬೇರೆ ಬೇರೆ ಬೇಕಾಗುತ್ತಿತ್ತು.

ಅಪ್ಪನಿಗೆ ಹೇಳಿ, ಅದು 1ರ ಮುಂದೆ ಐದು ಸೊನ್ನೆ, ಅಂದರೆ ಒಂದು ಲಕ್ಷ. ಆರ್ ಜುಗ್ಗ, ಯಾವ ಬರಹಕ್ಕೆ ಕಡಿಮೆ ಜಾಗ ಸಾಕೋ ಅದನ್ನೇ ಬರೆಯುತ್ತದೆ. 100000 ಎಂದರೆ ಆರು ಅಕ್ಷರ, ‘1ಇ+05’ ಎಂದರೆ ಐದು. 125000 ಒಂದೇ ಇದ್ದರೆ ಹಾಗೆಯೇ ಉಳಿಯುತ್ತದೆ, ಹೀಗೆ ‘ಇ’ ಹಾಕಿ ಬರೆದರೆ ಅದು ಇನ್ನೂ ಉದ್ದ. ‘ಆಪ್ಶನ್ಸ್’ ಆಜ್ಞೆಯಲ್ಲಿ ‘ಸೈಪೆನ್’ ಬೆಲೆಯನ್ನು 999 ಮಾಡಿದರೆ ಈ ಜುಗ್ಗತನ ನಿಲ್ಲುತ್ತದೆ. ಆದರೆ ಸೊನ್ನೆ ಎಣಿಸುವ ಕೆಲಸವನ್ನು ಓದುಗರಿಗೆ ಏಕೆ ಬಿಡುತ್ತೀರಿ? ಆದಾಯವನ್ನು 100000ದಿಂದ ಭಾಗಿಸಿ, ಅಕ್ಷಕ್ಕೆ ‘ಲಕ್ಷ ರೂಪಾಯಿಗಳಲ್ಲಿ’ ಎಂದು ಹೆಸರಿಡಿ.

ವರದಿಗೆ ಪಿಎನ್‌ಜಿಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಉಳಿಸಿ. ಆರ್‌ನ ಮಾಮೂಲಿ ಪಿಡಿಎಫ್‌ಗೆ ಹೋದರೆ ಕನ್ನಡ ಮತ್ತೆ ಕೈಕೊಡುತ್ತದೆ. ಶುಕ್ರವಾರದೊಳಗೆ ಲ್ಯಾಬಿನಲ್ಲೂ ಒಮ್ಮೆ ತೆರೆದು ನೋಡಿ.