ಅಪ್‌ಡೇಟ್: 40ನೇ ಹುಟ್ಟುಹಬ್ಬದ ಟ್ರಿಪ್ ಕೊನೆಗೂ ಫಿಕ್ಸ್ ಆಯಿತು

ಹುಟ್ಟುಹಬ್ಬಕ್ಕೆ ಗೆಳತಿಯರ ಜೊತೆ ಹೊರದೇಶಕ್ಕೆ ಹೋಗಬೇಕು, ಆದರೆ ಒಬ್ಬೊಬ್ಬರ ಬಜೆಟ್ ಒಂದೊಂದು ಥರ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಪೋರ್ಚುಗಲ್‌ಗೆ ಹೊರಟಿದ್ದೇವೆ!

ತುಂಬಾ ಕೆಲಸಕ್ಕೆ ಬಂದ ಸಲಹೆ ಅಂದರೆ "ಜಾಗ ಆಮೇಲೆ, ಮೊದಲು ದುಡ್ಡಿನ ಮಾತಾಡಿ" ಅನ್ನುವುದು. ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ "ನನಗೇನೂ ತೊಂದರೆ ಇಲ್ಲ" ಅಂತಲೇ ಹೇಳುತ್ತಾರೆ, ಅಲ್ವಾ? ಅದಕ್ಕೇ ಒಬ್ಬೊಬ್ಬರಿಗೂ ಬೇರೆಯಾಗಿ ಮೆಸೇಜ್ ಮಾಡಿ, ಜಾಸ್ತಿ ಅಂದರೆ ಎಷ್ಟು ಖರ್ಚು ಮಾಡಬಹುದು ಅಂತ ಕೇಳಿದೆ. ಎಲ್ಲರಿಗಿಂತ ಕಡಿಮೆ ಹೇಳಿದವಳ ಮೊತ್ತವೇ ಎಲ್ಲರ ಬಜೆಟ್. ಅವಳು ಯಾರು ಅಂತ ಬಾಯಿ ಬಿಟ್ಟಿಲ್ಲ. ಈಜುಕೊಳ ಇರುವ ವಿಲ್ಲಾನೇ ಬೇಕು ಅಂತಿದ್ದವಳು ಮಾತ್ರ ಸ್ವಲ್ಪ ಮುಖ ಊದಿಸಿಕೊಂಡಳು. ಆಮೇಲೆ ಸರಿಹೋದಳು.

ಷೆಂಗೆನ್ ವೀಸಾ (ಪೋರ್ಚುಗಲ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕಾದವರು ಒಂದಿಷ್ಟು ವಿಷಯ ನೋಡಿಕೊಳ್ಳಿ. ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಕನಿಷ್ಠ 3 ತಿಂಗಳು ಅವಧಿ ಇರಬೇಕು. ಟ್ರಾವೆಲ್ ಮೆಡಿಕಲ್ ಇನ್ಶೂರೆನ್ಸ್ ಕವರೇಜ್ 30,000 ಯೂರೋಗಿಂತ ಕಡಿಮೆ ಇರುವ ಹಾಗಿಲ್ಲ. ಅರ್ಜಿಯನ್ನು 6 ತಿಂಗಳ ಮೊದಲೇ ಹಾಕಬಹುದು, ಸುಮ್ನೆ ಕೊನೆಯವರೆಗೂ ಕಾಯಬೇಡಿ.

ಲಿಸ್ಬನ್‌ನಿಂದ ಪೋರ್ಟೊಗೆ ರೈಲು, ಸುಮಾರು 3 ಗಂಟೆ. ಹುಟ್ಟುಹಬ್ಬದ ದಿನ ಸಿಂಟ್ರಾದ ಪೆನಾ ಅರಮನೆ. ಅದರ ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯವೂ ಇರುತ್ತದೆ. ಮೇಕಪ್‌ಗೆ ಗಂಟೆಗಟ್ಟಲೆ ತಗೊಳ್ಳುವವಳಿಗೆ ಅರ್ಧ ಗಂಟೆ ಮುಂಚಿನ ಟೈಮ್ ಹೇಳಿದ್ದೇನೆ.