ಬ್ರೇಕ್ ಕ್ಯಾಲಿಪರಿನ ಕೆಳಗಿನ ಬೋಲ್ಟ್ ಜಗ್ಗುತ್ತಿಲ್ಲ, ಕಾಯಿಸಬಹುದೇ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ 2012ರ ಆಲ್ಟೊ ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲಿಯೇ ಬದಲಿಸಲು ರವಿವಾರ ಕುಳಿತೆ. ಬಲಗಡೆಯದು ಒಂದು ತಾಸಿನಲ್ಲಿ ಮುಗಿಯಿತು. ಎಡಗಡೆಯ ಕ್ಯಾಲಿಪರಿನ (ಪ್ಯಾಡ್‌ಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಮೇಲಿನ ಬೋಲ್ಟ್ ಬಿಚ್ಚಿತು, ಕೆಳಗಿನದು ಮಾತ್ರ ಜಂಗು ಹಿಡಿದು ಕೂತಿದೆ. ಕಾರು ಜೇವರ್ಗಿ ಕಡೆಯ ಹೊಲಕ್ಕೆ ವಾರಕ್ಕೆರಡು ಸಲ ಹೋಗಿಬರುವುದರಿಂದ ಎರೆ ಮಣ್ಣಿನ ಕೆಸರು ಅಲ್ಲಿ ಮೆತ್ತಿಕೊಂಡೇ ಇರುತ್ತದೆ. ಡಬ್ಲ್ಯೂಡಿ-40 ಎಣ್ಣೆ ಹೊಡೆದು, ಪಾನಾಕ್ಕೆ ಪೈಪ್ ಸಿಕ್ಕಿಸಿ ಕಾಲಿನಿಂದ ತುಳಿದಾಗ ಪಾನಾ ಜಾರಿ ಬೋಲ್ಟಿನ ಎರಡು ಮೂಲೆಗಳು ಸವೆದವು. ಗ್ಯಾಸ್ ಟಾರ್ಚಿನಿಂದ ಕಾಯಿಸಿರಿ ಎಂದು ನೆರೆಮನೆಯವರು ಹೇಳುತ್ತಿದ್ದಾರೆ. ಕಾಯಿಸಬಹುದೇ? ಕಾರು ಈಗಲೂ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಜಾಕಿನಲ್ಲಿಯೇ ಇದೆ.

ಉತ್ತರ 1 (ಬೀದರ್)

ಮೊದಲು ಜಾಕಿನ ಕೆಳಗೆ ದಪ್ಪನೆಯ ಮರದ ಹಲಗೆ ಇಡಿರಿ, ಪಕ್ಕದಲ್ಲಿ ಸ್ಟ್ಯಾಂಡ್ ಕೊಡಿರಿ. ಶಹಾಬಾದ್ ಪರಸಿಯ ಅಡಿಯಲ್ಲಿ ಪೊಳ್ಳಿದ್ದರೆ ಒಂದೇ ಬಿಂದುವಿನ ಭಾರಕ್ಕೆ ಅದು ಸೀಳುತ್ತದೆ. ಅದರ ಮೇಲೆ ಪೈಪ್ ತುಳಿಯುವುದಂತೂ ಬೇಡವೇ ಬೇಡ.

ಇನ್ನು ಬೋಲ್ಟಿನ ವಿಷಯ. ಅದರ ತಲೆ ಕಾರಿನ ಒಳಮುಖಕ್ಕೆ ಇರುತ್ತದೆ. ಹೊರಗೆ ಕುಳಿತು ಹಿಂದಿನಿಂದ ಕೈ ತೂರಿಸಿದಾಗ ದಿಕ್ಕು ತಿರುವುಮುರುವಾಗಿ ಕಾಣುವುದರಿಂದ, ಬಿಚ್ಚುತ್ತಿದ್ದೇವೆಂದು ತಿಳಿದು ಬಿಗಿಯುತ್ತಲೇ ಇರುವವರು ಬಹಳ ಮಂದಿ. ನಾನೂ ಒಮ್ಮೆ ಹಾಗೆಯೇ ಒಂದು ಬೋಲ್ಟ್ ಮುರಿದಿದ್ದೇನೆ. ತಲೆಯ ಎದುರಿಗೆ ನಿಂತು ನೋಡಿದಂತೆ ಕಲ್ಪಿಸಿಕೊಂಡು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಒಂದಡಿ ಉದ್ದದ ಪಾನಾದ ತುದಿಗೆ 60 ಕಿಲೋ ತೂಕ ಬಿದ್ದರೆ ಸುಮಾರು 175 ನ್ಯೂಟನ್ ಮೀಟರ್ ತಿರುಗಿಸುವ ಬಲವಾಗುತ್ತದೆ. ಇಂಥ ಸಣ್ಣ ಬೋಲ್ಟುಗಳನ್ನು ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರಿಗೆ ಬಿಗಿದಿರುತ್ತಾರೆ.

ಇನ್ನೊಂದು ಮಾತು: ಪ್ಯಾಡ್ ಬದಲಿಸಲು ಎರಡೂ ಬೋಲ್ಟ್ ಬಿಚ್ಚಲೇಬೇಕೆಂದಿಲ್ಲ. ಮೇಲಿನದು ಬಿಚ್ಚಿದೆಯಲ್ಲ, ಬ್ರೇಕ್ ಹೋಸ್ ಎಳೆಯದಷ್ಟು ಸಡಿಲವಿದ್ದರೆ ಕ್ಯಾಲಿಪರನ್ನು ಕೆಳಗಿನ ಪಿನ್ನಿನ (ಆ ಬೋಲ್ಟ್ ಕೂರುವ, ಕ್ಯಾಲಿಪರ್ ಜಾರಾಡಲು ಇರುವ ಸರಳು) ಮೇಲೆಯೇ ಬಾಗಿಸಿ ಪ್ಯಾಡ್ ತೆಗೆಯಬಹುದು.

ಉತ್ತರ 2 (ಯಾದಗಿರಿ)

ಬೀದರಿನ ಸಹೋದರರು ಹೇಳಿದ ದಾರಿ ಸರಿ. ಆದರೆ ಹಳೆಯ ಪ್ಯಾಡುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿರಿ. ಒಳಗಿನದು ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಕೆಳಗಿನ ಪಿನ್ ಜಾರದೆ ಹಿಡಿದಿರಬಹುದು. ಆಗ ಹೊಸ ಪ್ಯಾಡೂ ಅದೇ ಗತಿ ಕಾಣುತ್ತದೆ, ಬೋಲ್ಟ್ ಬಿಚ್ಚಲೇಬೇಕು.

ಕಬ್ಬಿಣಕ್ಕಿಂತ ಅದರ ಜಂಗು ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಥ್ರೆಡ್‌ಗಳ ಸಂದು ತುಂಬಿಹೋಗಿರುತ್ತದೆ. ಬರೀ ಎಳೆತಕ್ಕೆ ಅದು ಬಿಡುವುದಿಲ್ಲ, ಪೆಟ್ಟು ಬಿದ್ದರೆ ಬಿಡುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಜಂಗು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿರಿ, ಡಿಸ್ಕಿಗೆ ಮಾತ್ರ ಬಟ್ಟೆ ಮುಚ್ಚಿರಿ. ಮುಂಜಾನೆ ಬೋಲ್ಟಿನ ತಲೆಗೆ ನೇರವಾಗಿ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಪೆಟ್ಟು ಹಾಕಿ, ಆರು ಮೂಲೆಯ ಸಾಕೆಟ್ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿದು ನಂತರ ಸಡಿಲಿಸಿರಿ. ಹನ್ನೆರಡು ಮೂಲೆಯ ರಿಂಗ್ ಪಾನಾ ಇಂಥಲ್ಲಿ ಮತ್ತೆ ಜಾರುತ್ತದೆ. ಬೋಲ್ಟಿನ ಜೊತೆ ಪಿನ್ನೂ ಸುತ್ತುತ್ತಿದ್ದರೆ ತೆಳ್ಳಗಿನ ಪಾನಾದಿಂದ ಪಿನ್ನನ್ನು ಹಿಡಿದುಕೊಳ್ಳಬೇಕು.

ಬೆಂಕಿ ಬೇಡ. ಸೈಲೆನ್ಸರಿನ ಬೋಲ್ಟಿಗಾದರೆ ನಾವೂ ಕಾಯಿಸುತ್ತೇವೆ, ಆದರೆ ಇಲ್ಲಿ ಒಂದು ಗೇಣಿನೊಳಗೆ ರಬ್ಬರ್ ಹೋಸ್, ಪಿನ್ನಿನ ರಬ್ಬರ್ ಟೊಪ್ಪಿಗೆ, ಪಿಸ್ಟನ್ ಸೀಲು ಎಲ್ಲವೂ ಇವೆ; ನೀವು ಹೊಡೆದ ಎಣ್ಣೆಯೂ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು (ಕಲಬುರಗಿ)

ಇಬ್ಬರಿಗೂ ಧನ್ಯವಾದಗಳು. ನಾಚಿಕೆಯಾದರೂ ಹೇಳುತ್ತೇನೆ, ನಾನು ಬಿಗಿಯುತ್ತಲೇ ಇದ್ದೆ. ಒಳಗಿನ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದುದರಿಂದ ಬಿಚ್ಚುವುದೆಂದೇ ನಿರ್ಧರಿಸಿ ಎರಡು ರಾತ್ರಿ ಎಣ್ಣೆಯಲ್ಲಿ ಬಿಟ್ಟೆ. ಇಂದು ಆರು ಮೂಲೆಯ ಸಾಕೆಟ್ಟಿಗೆ ‘ಟಕ್’ ಎಂದು ಬಿಟ್ಟಿತು. ಪಿನ್ನಿನಲ್ಲಿ ಗ್ರೀಸ್ ಒಣಗಿ ಪುಡಿಯಾಗಿದೆ. ಮನೆಯಲ್ಲಿರುವ ಬೇರಿಂಗ್ ಗ್ರೀಸ್ ಹಚ್ಚಬಹುದೇ?

ಉತ್ತರ 2 (ಯಾದಗಿರಿ)

ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿರಿ. ಮೂಲೆ ಸವೆದ ಆ ಬೋಲ್ಟನ್ನು ಮತ್ತೆ ಹಾಕದೆ ಹೊಸದನ್ನೇ ತನ್ನಿರಿ.