ಎಸ್‌ಡಿಎಂಸಿಗೆ ನಿಲ್ಲಲಾ, ಸದಸ್ಯೆ ಆಗದೆಯೇ ಶಾಲೆಗೆ ಕೈಜೋಡಿಸಲಾ? ನಿಮ್ಮ ಅನುಭವ ಹೇಳಿ

ಕೇಳಿದವರು:

ಮಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ಕ್ಲಾಸು. ಹಳೇ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅವಧಿ ಮುಗಿದಿದೆ. ಮುಂದಿನ ಪೋಷಕರ ಸಭೆಯಲ್ಲಿ ಹೊಸಬರನ್ನು ಆರಿಸುತ್ತಾರೆ, ನೀವೂ ನಿಲ್ಲಿ ಮೇಡಂ ಅಂತ ಹೆಡ್‌ಮಾಸ್ಟರು ಹೇಳಿದ್ದಾರೆ. ನಾನು ಶಿಫ್ಟ್ ಕೆಲಸದವಳು, ಬುಧವಾರ ಮಾತ್ರ ರಜೆ. ‘ಅದೆಲ್ಲ ಊರ ರಾಜಕೀಯ, ತಲೆ ಹಾಕಬೇಡ’ ಅನ್ನುತ್ತಾರೆ ಮನೆಯವರು. ಆದರೆ ಶಾಲೆಗೆ ಏನಾದರೂ ಮಾಡಬೇಕು ಅನ್ನೋ ಆಸೆ ಇದೆ. ಸದಸ್ಯೆ ಆದರೆ ನಿಜಕ್ಕೂ ಏನು ಕೆಲಸ? ಆಗದೆಯೂ ಏನಾದರೂ ಮಾಡಬಹುದಾ? ಮಾಡಿ ನೋಡಿದವರು ಹೇಳಿ.

ಮಾಜಿ ಅಧ್ಯಕ್ಷ:

ನಿಮ್ಮ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಧ್ಯಕ್ಷರ ಕುರ್ಚಿಗೆ ಜಗ್ಗಾಟ ಇರುತ್ತದೆ. ಪಂಚಾಯಿತಿ ಚುನಾವಣೆ ಹತ್ತಿರ ಇದ್ದರೆ ಇನ್ನೂ ಜಾಸ್ತಿ. ಆದರೆ ಸಾದಾ ಸದಸ್ಯರ ಜಾಗಕ್ಕೆ ಅಂಥ ಕಾಂಪಿಟೇಷನ್ ಇಲ್ಲ. ನಿಜವಾದ ಕೆಲಸ ಇರೋದೂ ಅಲ್ಲೇ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ, ಸಭೆಯಲ್ಲಿ ಬಾಯಿ ಬಿಡೋಕೆ ಧೈರ್ಯ ಬರುತ್ತದೆ. ನಮ್ಮಲ್ಲಿ ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ ಸರ್ಕಾರ ಆದೇಶ ಹೊರಡಿಸಿತು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಅಂದರೆ ನಿಮ್ಮನ್ನು ಕರೆಯುತ್ತಿರೋದು ಯಾರದೋ ಕೃಪೆ ಅಲ್ಲ. ನೀವು ಇಲ್ಲದಿದ್ದರೆ ಅವರಿಗೆ ಲೆಕ್ಕವೇ ತುಂಬುವುದಿಲ್ಲ.

ಕಾಯ್ದೆ ಹೇಳೋ ಕೆಲಸ ಮುಖ್ಯವಾಗಿ ಮೂರು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ಗಮನಿಸುವುದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಬಾಯಲ್ಲಿ. ಮೂರನೆಯದನ್ನು ಮಾಡುವವರು ಕಡಿಮೆ.

ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಡಿ ಶಾಲೆಗೆ ಮಕ್ಕಳ ಸಂಖ್ಯೆ ನೋಡಿ ವಾರ್ಷಿಕ ಅನುದಾನ ಬರುತ್ತದೆ. 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ, ಅದಕ್ಕಿಂತ ಜಾಸ್ತಿ, ಸಾವಿರದವರೆಗೆ ಇದ್ದರೆ 75,000. ಅದರಲ್ಲಿ ಕನಿಷ್ಠ ಶೇಕಡ 10 ಸ್ವಚ್ಛತೆಗೇ ಹೋಗಬೇಕು ಅಂತ ನಿಯಮ. ದೊಡ್ಡ ದುಡ್ಡೇನಲ್ಲ. ಆದರೆ ಶೌಚಾಲಯದ ನಲ್ಲಿ ಕೆಟ್ಟು ತಿಂಗಳಾದರೂ ‘ದುಡ್ಡಿಲ್ಲ’ ಅಂದರೆ, ಈ ಶೇಕಡ 10 ಎಲ್ಲಿ ಹೋಯಿತು ಅಂತ ಕೇಳೋಕೆ ಇದೊಂದು ಅಂಕಿ ಸಾಕು.

ನಮ್ಮ ಸಮಿತಿಗೆ ಒಮ್ಮೆ ಬಣ್ಣದ ಬಿಲ್ಲು ಬಂತು. ಮೂರು ಕೊಠಡಿ, ಒಂದು ಅಡುಗೆ ಕೋಣೆ ಅಂತ ಬರೆದಿತ್ತು. ಸದಸ್ಯೆಯೊಬ್ಬರು ‘ಬನ್ನಿ, ನೋಡಿ ಬರೋಣ’ ಅಂದರು. ಬಿಲ್ಲು ಹಿಡಿದುಕೊಂಡೇ ಎದ್ದು ಹೋದೆವು. ಕೊಠಡಿಗಳಿಗೆ ಬಣ್ಣ ಆಗಿತ್ತು. ಅಡುಗೆ ಕೋಣೆಯಲ್ಲಿ ಒಲೆ ಹಿಂದಿನ ಮಸಿ ಹಾಗೇ ಇತ್ತು. ಯಾರೂ ಕೂಗಾಡಲಿಲ್ಲ. ‘ಅಡುಗೆ ಕೋಣೆ ಮುಗಿದ ಮೇಲೆ ಬಿಲ್ಲಿಗೆ ಒಪ್ಪಿಗೆ’ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದೆವು. ಮುಂದಿನ ಸಭೆ ಹೊತ್ತಿಗೆ ಬಣ್ಣ ಆಗಿತ್ತು. ಆ ಸದಸ್ಯೆ ಓದಿದ್ದು ಏಳನೇ ಕ್ಲಾಸು.

ನೀವು ಸದಸ್ಯೆ ಆದರೆ ಮಾಡಬೇಕಾದ್ದು ಇಷ್ಟೇ ಅಂತ ನನ್ನ ಲೆಕ್ಕ: ನಡಾವಳಿ ಓದದೆ ಸಹಿ ಹಾಕಬೇಡಿ, ಬಿಲ್ಲು ಬಂದರೆ ಎದ್ದು ಹೋಗಿ ವಸ್ತು ನೋಡಿ. ಭಾಷಣ ಮಾಡೋಕೆ ಬೇರೆಯವರು ಇದ್ದೇ ಇರುತ್ತಾರೆ.

ನಲಿ-ಕಲಿ ತಾಯಿ:

ನಾನು ಎಸ್‌ಡಿಎಂಸಿಯಲ್ಲಿ ಇಲ್ಲ, ಇರೋ ಆಸೆಯೂ ಇಲ್ಲ. ಆದರೆ ವಾರಕ್ಕೊಮ್ಮೆ ಶಾಲೆಗೆ ಹೋಗುತ್ತೇನೆ. ನಿಮ್ಮ ಮಗಳೂ ನಲಿ-ಕಲಿ ತರಗತಿಯಲ್ಲೇ ಇರಬೇಕು ಅಲ್ವಾ? ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಮಕ್ಕಳು ತಮ್ಮ ಗುಂಪು ತೋರಿಸುವ ‘ತಟ್ಟೆ’ ನೋಡಿಕೊಂಡು ಜಾಗ ಹಿಡಿಯುತ್ತಾರೆ. ಒಂದು ಗುಂಪಿಗೆ ಟೀಚರು ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು, ಮತ್ತೊಂದರಲ್ಲಿ ತಾವೇ ಕಲಿಯುತ್ತಾರೆ. ಟೀಚರು ಒಬ್ಬರೇ.

ನಾನು ಮೊದಲ ಸಲ ಹೋದಾಗ ಪಾಠ ಹೇಳಿಕೊಡಬೇಕೇನೋ ಅಂದುಕೊಂಡು ಹೋದೆ. ಟೀಚರು ಒಂದು ಡಬ್ಬ ಕೊಟ್ಟರು. ಒಳಗೆ ಕಲಿಕಾ ಕಾರ್ಡುಗಳು, ಎಲ್ಲ ಕಲಸಿಹೋಗಿದ್ದವು. ಪ್ರತಿ ಕಾರ್ಡಿಗೂ ಒಂದು ಲೋಗೋ (ಗುರುತಿನ ಚಿತ್ರ), ಒಂದು ನಂಬರು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ಅದೇ ನಂಬರಿನ ಕಾರ್ಡು ತಾನೇ ತೆಗೆದುಕೊಳ್ಳಬೇಕು. ಕಾರ್ಡು ಸಿಗಲಿಲ್ಲ ಅಂದರೆ ಮಗು ಅಲ್ಲೇ ನಿಂತುಬಿಡುತ್ತದೆ, ಟೀಚರು ತಾವಿದ್ದ ಗುಂಪು ಬಿಟ್ಟು ಎದ್ದು ಬರಬೇಕು. ನಾನು ಜೋಡಿಸಿದೆ. ಕಳೆದುಹೋದ ನಂಬರುಗಳ ಪಟ್ಟಿ ಮಾಡಿದೆ. ಲ್ಯಾಮಿನೇಷನ್ ಬಿಟ್ಟುಕೊಂಡಿದ್ದವನ್ನು ಟೇಪ್ ಹಾಕಿ ಸರಿ ಮಾಡಿದೆ. ಇದೇನು ಸೇವೆ ಅಂತ ನಮ್ಮತ್ತೆ ನಕ್ಕರು. ಆದರೆ ಮಾರನೇ ವಾರ ಟೀಚರು ಹೇಳಿದರು, ‘ಈ ವಾರ ನಾನು ಕೂತ ಜಾಗದಿಂದ ಏಳಲೇ ಇಲ್ಲ’ ಅಂತ. ನನಗೆ ಅಷ್ಟೇ ಸಾಕಿತ್ತು.

ಈಗ ಕೊನೆಯ ಅರ್ಧ ಗಂಟೆ ಕೆಲವು ಮಕ್ಕಳು ನನಗೆ ಓದಿ ಹೇಳುತ್ತಾರೆ. ನಾನು ತಿದ್ದುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತೇನೆ. ಮನೆಯಲ್ಲಿ ಓದಿಸಿಕೊಳ್ಳುವವರು ಇಲ್ಲದ ಮಕ್ಕಳನ್ನೇ ಟೀಚರು ಕಳಿಸುತ್ತಾರೆ. ನನ್ನ ಮಗನನ್ನು ನನ್ನ ಹತ್ತಿರ ಕಳಿಸುವುದಿಲ್ಲ. ಅದೂ ಒಳ್ಳೆಯದೇ, ಅವನು ನನ್ನನ್ನು ನೋಡಿದರೆ ಅಳುಮುಖ ಮಾಡುತ್ತಾನೆ.

ನಿಮಗೆ ಬುಧವಾರ ರಜೆ ಅಂದರೆ ‘ಪ್ರತಿ ಬುಧವಾರ ಇಷ್ಟು ಹೊತ್ತಿಗೆ ಬರುತ್ತೇನೆ’ ಅಂತ ಮಾತ್ರ ಹೇಳಿ. ಯಾವಾಗ ಬೇಕಾದರೂ ಕರೆಯಿರಿ ಅಂತ ಹೇಳಿದರೆ ಯಾರೂ ಕರೆಯುವುದಿಲ್ಲ.

ಶಿಕ್ಷಕಿ, ಎರಡು ಮಕ್ಕಳ ತಾಯಿ:

ಮೇಲಿನವರು ಹೇಳಿದ್ದು ಸರಿ. ನಮಗೆ ನಿಜವಾಗಿ ಬೇಕಾದ ಸಹಾಯ ಪೋಷಕರು ಅಂದುಕೊಂಡ ಕಡೆ ಇರುವುದಿಲ್ಲ. ಒಂದು ಉದಾಹರಣೆ, ಎಸ್‌ಎಟಿಎಸ್, ಅಂದರೆ ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ದಾಖಲೆ. ಮಗುವಿನ ಹೆಸರು ಆಧಾರ್‌ನಲ್ಲಿ ಒಂದು ಥರ, ಶಾಲೆ ದಾಖಲೆಯಲ್ಲಿ ಇನ್ನೊಂದು ಥರ. ಇನಿಷಿಯಲ್ ಮುಂದೆ, ಹಿಂದೆ, ಕಾಗುಣಿತ ಬೇರೆ. ಅಲ್ಲಿಗೆ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಕೂಲಿ ಬಿಟ್ಟು ಹೋಗೋಕೆ ಅಪ್ಪ ಅಮ್ಮನಿಗೆ ಆಗುವುದಿಲ್ಲ, ಹೋದರೂ ಯಾವ ಅರ್ಜಿ ಅಂತ ಗೊತ್ತಾಗುವುದಿಲ್ಲ. ನಾವು ಪಾಠ ಬಿಟ್ಟು ಫೋನ್ ಮಾಡುತ್ತಾ ಕೂರುತ್ತೇವೆ.

ನಮ್ಮ ಶಾಲೆಯಲ್ಲಿ ಇಬ್ಬರು ಪೋಷಕರು ಈ ಕೆಲಸ ಹಿಡಿದರು. ನಾವು ಕೊಟ್ಟಿದ್ದು ತರಗತಿವಾರು ಪಟ್ಟಿ ಅಷ್ಟೇ, ಆಧಾರ್ ನಂಬರು ಯಾರಿಗೂ ಕೊಡಲಿಲ್ಲ. ಅವರು ಮನೆಮನೆಗೆ ಹೋಗಿ ಯಾವ ಕಾಗದ ಬೇಕು ಅಂತ ಹೇಳಿದರು, ಗುಂಪು ಕಟ್ಟಿಕೊಂಡು ಒಟ್ಟಿಗೆ ನಾಡಕಚೇರಿಗೆ ಕರೆದುಕೊಂಡು ಹೋದರು. ಕಂಪ್ಯೂಟರ್ ಬರುವ ಪೋಷಕರು ಇದ್ದರೆ ದಯವಿಟ್ಟು ಇದನ್ನು ಮಾಡಿ. ವೇದಿಕೆ ಮೇಲೆ ಶಾಲು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಪ್ರತಿಭಾ ಕಾರಂಜಿ, ಕ್ರೀಡಾಕೂಟ ಬಂದಾಗ ಹೆಣ್ಣುಮಕ್ಕಳ ಜೊತೆ ಬರೋಕೆ ಒಬ್ಬ ತಾಯಿ ಸಿಕ್ಕರೆ ಅದೂ ದೊಡ್ಡ ಉಪಕಾರ.

ಬೇಡದ್ದನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಿಟಕಿ ಹತ್ತಿರ ನಿಂತು ಪಾಠ ನೋಡಬೇಡಿ. ಬೇರೆಯವರ ಮಗುವನ್ನು ಗದರಬೇಡಿ. ಮಕ್ಕಳಿಗೆ ಹೊಡೆಯೋದನ್ನು, ಅವಮಾನ ಮಾಡೋದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ‘ನೀವು ಹೊಡೆಯಲ್ವಲ್ಲ, ಅದಕ್ಕೇ ಹೀಗಾಗಿದ್ದಾರೆ’ ಅಂತ ನಮಗೇ ಬುದ್ಧಿ ಹೇಳುವ ಸದಸ್ಯರನ್ನು ನಾನು ನೋಡಿದ್ದೇನೆ. ಇನ್ನು, ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಯಾವ ಮಗುವಿನ ಮನೆ ಪರಿಸ್ಥಿತಿ ಏನಿದೆಯೋ ನಮಗೂ ನಿಮಗೂ ಗೊತ್ತಿರುವುದಿಲ್ಲ.

ಬೇರೊಬ್ಬ ತಂದೆ:

ಎಲ್ಲರೂ ಚೆಂದ ಚೆಂದ ಹೇಳುತ್ತಿದ್ದೀರಿ. ನಾನು ಸದಸ್ಯನಾಗಿದ್ದಾಗ ಬಿಸಿಯೂಟದ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಮುಂದಿನ ಒಂದು ವರ್ಷ ನನ್ನ ಮಗನಿಗೆ ‘ನಿಮ್ಮಪ್ಪ ಲೀಡರ್ ಅಲ್ವಾ’ ಅಂತ ಕುಟುಕುತ್ತಿದ್ದರು. ಬೆಲೆ ತೆರುವುದು ಮಗು. ಇದನ್ನೂ ಅಕ್ಕನವರಿಗೆ ಹೇಳಿ.

ಮಾಜಿ ಅಧ್ಯಕ್ಷ:

ಹಾಗೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಒಬ್ಬರೇ ಕೇಳಬಾರದು. ಸಭೆಗೆ ಮುಂಚೆ ಇನ್ನಿಬ್ಬರ ಹತ್ತಿರ ಮಾತಾಡಿ, ಪ್ರಶ್ನೆಯನ್ನು ಕಾರ್ಯಸೂಚಿಯಲ್ಲೇ ಹಾಕಿಸಿ. ಆಗ ಅದು ಸಮಿತಿಯ ಪ್ರಶ್ನೆ. ಇನ್ನೊಂದು, ಊಟದ ವಿಷಯವನ್ನು ಊಟದ ಹೊತ್ತಿಗೇ ನೋಡಬೇಕು. ಸಭೆಯಲ್ಲಿ ಕೂತು ಕೇಳಿದರೆ ಆರೋಪ ಆಗುತ್ತದೆ.

ಊಟ ರುಚಿ ನೋಡುವ ತಾಯಿ:

ಅದೇ ನನ್ನ ಕೆಲಸ! ಬಡಿಸುವ ಮುಂಚೆ ದೊಡ್ಡವರು ತಿಂದು ನೋಡಬೇಕು ಅಂತ ನಿಯಮವೇ ಇದೆ, ಅದಕ್ಕೊಂದು ರಿಜಿಸ್ಟರೂ ಇದೆ. ನಮ್ಮಲ್ಲಿ ತಾಯಂದಿರು ಪಾಳಿ ಹಾಕಿಕೊಂಡಿದ್ದೇವೆ. ನಾನು ಬರೆಯುವುದು ‘ಚೆನ್ನಾಗಿದೆ’ ಅಂತ ಅಲ್ಲ. ‘ಸಾಂಬಾರು ನೀರು, ತರಕಾರಿ ಕಡಿಮೆ’ ಅಂತ ಬರೆದರೆ ಮಾರನೇ ದಿನ ವ್ಯತ್ಯಾಸ ಕಾಣುತ್ತದೆ.

ಲೆಕ್ಕ ಗೊತ್ತಿರಲಿ. ಐದನೇ ಕ್ಲಾಸಿನವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ. ಊಟದಲ್ಲಿ ಚಿಕ್ಕವರಿಗೆ 12 ಗ್ರಾಂ ಪ್ರೋಟೀನು, ದೊಡ್ಡವರಿಗೆ 20 ಗ್ರಾಂ ಇರಬೇಕು. ಬೇಳೆ ಕಡಿಮೆ ಆದರೆ ಅದು ರುಚಿಯ ಮಾತಲ್ಲ ಅಂತ ಹೇಳೋಕೆ ಈ ಲೆಕ್ಕ ಬೇಕು. ಹಾಗಂತ ಅಡುಗೆಯವರ ಮೇಲೆ ಎಗರಬೇಡಿ. ಅವರ ಗೌರವಧನ ಎಷ್ಟು ಕಡಿಮೆ, ಎಷ್ಟು ತಡವಾಗಿ ಬರುತ್ತದೆ ಅಂತ ಒಮ್ಮೆ ಕೇಳಿ. ನಮ್ಮಲ್ಲಿ ಸಾಂಬಾರು ನೀರಾಗಿದ್ದಕ್ಕೆ ಕಾರಣ ಬೇಳೆ ಸರಬರಾಜು ತಡವಾಗಿದ್ದು. ಅಡುಗೆಯಮ್ಮನ ತಪ್ಪು ಏನೂ ಇರಲಿಲ್ಲ. ಸಮಿತಿಯಿಂದ ಮೇಲಿನ ಕಚೇರಿಗೆ ಪತ್ರ ಬರೆದೆವು.

ಗಾರೆ ಕೆಲಸದ ತಂದೆ (ಮಗಳು ಬರೆಯುತ್ತಿದ್ದೇನೆ, ಅಪ್ಪ ಹೇಳುತ್ತಿದ್ದಾರೆ):

ನನಗೆ ಓದೋಕೆ ಬರಲ್ಲ. ಆದರೂ ಸದಸ್ಯ ಆಗಿದ್ದೆ. ‘ಏನು ಬರೆದಿದ್ದೀರಿ, ಜೋರಾಗಿ ಓದಿ’ ಅಂತ ಪ್ರತಿ ಸಲ ಹೇಳುತ್ತಿದ್ದೆ. ಓದುವವರೆಗೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಮೊದಲು ಗೊಣಗಿದರು, ಆಮೇಲೆ ಅಭ್ಯಾಸ ಆಯಿತು. ಓದು ಬರುವ ಸದಸ್ಯರೂ ಆಗಲೇ ಕೇಳಿಸಿಕೊಂಡಿದ್ದು. ಖಾಲಿ ಜಾಗ ಇದ್ದರೆ ಅಡ್ಡ ಗೆರೆ ಎಳೆಸುತ್ತಿದ್ದೆ. ಕಾಂಪೌಂಡ್ ಕಟ್ಟುವಾಗ ಸಿಮೆಂಟು ಎಷ್ಟು ಬೇಕು ಅಂತ ನನಗೆ ಗೊತ್ತಿತ್ತು, ಮೇಷ್ಟರಿಗೆ ಗೊತ್ತಿರಲಿಲ್ಲ. ಅಷ್ಟೇ.

ಅನುದಾನಿತ ಶಾಲೆಯ ಪೋಷಕ:

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಈ ಅಧಿಕಾರ ಎಲ್ಲ ಶಾಲೆಗೂ ಒಂದೇ ಥರ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ಅನುದಾನಿತ ಮತ್ತು ಅಲ್ಪಸಂಖ್ಯಾತ ಶಾಲೆಗಳ ಸಮಿತಿ ಸಲಹೆ ಕೊಡಬಹುದು, ಅಷ್ಟೇ. ಅನುದಾನ ಇಲ್ಲದ ಖಾಸಗಿ ಶಾಲೆಗೆ 21ನೇ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಅಲ್ಲಿ ಪೋಷಕರ ಸಂಘ ಏನು ಮಾಡಬಹುದು ಅನ್ನೋದು ಆಡಳಿತ ಮಂಡಳಿಯ ಮೇಲೆ ಹೋಗುತ್ತದೆ. ನಮ್ಮಲ್ಲಿ ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕೋಕೆ ಮಾತ್ರ ಕರೆಯುತ್ತಿದ್ದರು. ಲೈಬ್ರರಿ ಪುಸ್ತಕ ವಿಂಗಡಿಸಿ ಕೊಡುತ್ತೇವೆ ಅಂತ ನಾವೇ ಕೇಳಿಕೊಂಡು ಒಳಗೆ ಹೋದೆವು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಕಾರ್ಡಿನ ಡಬ್ಬದ ಕೆಲಸ ಈ ಬುಧವಾರವೇ ಕೇಳುತ್ತೇನೆ. ಸದಸ್ಯೆ ಆಗೋದರ ಬಗ್ಗೆ ಮನಸ್ಸು ಅರ್ಧ ಒಪ್ಪಿದೆ. ಆದರೆ ಸಭೆಗಳು ಕೆಲಸದ ದಿನವೇ ಇಟ್ಟರೆ? ಸಂಬಳ ಕಟ್ ಆಗುತ್ತದೆ.

ಮಾಜಿ ಅಧ್ಯಕ್ಷ:

ನಿಲ್ಲುವ ಮುಂಚೆಯೇ ಅದನ್ನು ಕೇಳಿ. ದಿನ, ಹೊತ್ತು ಸಮಿತಿ ಕೂತು ತೀರ್ಮಾನಿಸಬಹುದು. ಹೆಡ್‌ಮಾಸ್ಟರು ಸದಸ್ಯ ಕಾರ್ಯದರ್ಶಿ, ನೋಟಿಸ್ ಕಳಿಸುವುದು ಅವರು. ನಾವು ಸಂಜೆ ಇಟ್ಟುಕೊಂಡಿದ್ದೆವು, ಕೂಲಿಗೆ ಹೋಗುವವರು ಬಂದದ್ದು ಆಮೇಲೇ. ನಿಮ್ಮನ್ನು ಕರೆದವರೇ ಹೆಡ್‌ಮಾಸ್ಟರು ಅಲ್ವಾ, ‘ಬುಧವಾರ ಅಥವಾ ಸಂಜೆ ಆದರೆ ನಿಲ್ಲುತ್ತೇನೆ’ ಅನ್ನಿ. ಒಪ್ಪಿದರೆ ಮೊದಲ ಸಭೆಯ ನಡಾವಳಿಯಲ್ಲೇ ಬರೆಸಿಬಿಡಿ. ಒಪ್ಪದಿದ್ದರೆ ಸದಸ್ಯತ್ವ ಬಿಡಿ, ಬುಧವಾರದ ಡಬ್ಬ ಬಿಡಬೇಡಿ. ಅಭಿವೃದ್ಧಿ ಯೋಜನೆ ಬರೆಯುವ ಹೊತ್ತಿಗೆ ಪೋಷಕರ ಸಭೆಗೆ ಬಂದು, ಆ ಕಳೆದುಹೋದ ಕಾರ್ಡುಗಳ ಪಟ್ಟಿಯನ್ನು ಮುಂದಿಡಿ. ಅದಕ್ಕೆ ಸದಸ್ಯರೇ ಆಗಿರಬೇಕು ಅಂತೇನಿಲ್ಲ.

ನಲಿ-ಕಲಿ ತಾಯಿ:

ಪಟ್ಟಿ ಮಾಡುವಾಗ ಲೋಗೋ ಮತ್ತು ನಂಬರು ಎರಡೂ ಬರೆಯಿರಿ. ಒಂದೇ ನಂಬರು ಬೇರೆ ಬೇರೆ ಲೋಗೋಗೂ ಇರುತ್ತದೆ. ಟೇಪು ಅಗಲದ್ದು ತಗೊಂಡು ಹೋಗಿ.